ಕಣ್ಣಿನ ಲೆಕ್ಕ

ಸಮಾಜ ಪಾಠ ಮಾಡುವವರಿಗೆ ಮೂರು ಅಂಗಗಳ ವಿಷಯ ಬಾಯಿಪಾಠವಾಗಿರುತ್ತದೆ. ಶಾಸಕಾಂಗ ಕಾನೂನು ಮಾಡುತ್ತದೆ, ಕಾರ್ಯಾಂಗ ಅದನ್ನು ಜಾರಿಗೆ ತರುತ್ತದೆ, ನ್ಯಾಯಾಂಗ ಸರಿ ತಪ್ಪು ನೋಡುತ್ತದೆ. ಇಪ್ಪತ್ತೆಂಟು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಹೋದ ವರ್ಷ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ರಸ್ತೆಯ ಕಂಬದ ಮೇಲಿನ ಕ್ಯಾಮೆರಾ ತೋರಿಸಿ, “ಟೀಚರ್, ಇದು ಯಾವ ಅಂಗಕ್ಕೆ ಸೇರಿದ್ದು?” ಎಂದಳು. “ಪೊಲೀಸರದಮ್ಮ, ಅಂದರೆ ಕಾರ್ಯಾಂಗ” ಎಂದೆ. “ಹಾಗಾದರೆ ಇದಕ್ಕೆ ಕಾನೂನು ಯಾವುದು?” ಎಂದು ಮತ್ತೆ ಕೇಳಿದಳು. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಅದು.

ಕ್ಯಾಮೆರಾ ಕಂಡರೆ ನನಗೆ ಸಿಟ್ಟೇನೂ ಇಲ್ಲ. ನನ್ನ ಮಗಳು ಆ ಊರಿನಲ್ಲೇ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವವಳು. ಹೆಣ್ಣುಮಕ್ಕಳ ರಕ್ಷಣೆಗೆಂದು ನಿರ್ಭಯಾ ನಿಧಿಯ ಹಣದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆಂದು ಓದಿದಾಗ ಸಮಾಧಾನವೇ ಆಯಿತು. ಆದರೆ ಹಳೆಯ ಕ್ಯಾಮೆರಾ ನೋಡುತ್ತಿತ್ತು ಅಷ್ಟೆ. ಈಗಿನದು ಗುರುತು ಹಿಡಿಯುತ್ತದೆ. ಕೃತಕ ಬುದ್ಧಿಮತ್ತೆಯು ನಮ್ಮ ಮುಖದ ಕಣ್ಣು, ಮೂಗು, ದವಡೆಗಳನ್ನೆಲ್ಲ ಅಂಕಿಗಳ ಸಾಲಾಗಿ ಮಾಡಿಕೊಂಡು, ಕಡತದಲ್ಲಿರುವ ಫೋಟೋಗಳ ಅಂಕಿಗಳೊಡನೆ ತಾಳೆ ನೋಡುತ್ತದೆ. ಇವನೇ ಅವನು ಎಂದು ಅದು ಆಣೆ ಮಾಡುವುದಿಲ್ಲ; ನೂರಕ್ಕೆ ಇಷ್ಟು ಹೋಲಿಕೆ ಇದೆ ಎನ್ನುತ್ತದೆ. ಎಷ್ಟಾದರೆ ಸಾಕು ಎಂಬುದನ್ನು ಮನುಷ್ಯರೇ ತೀರ್ಮಾನಿಸಬೇಕು.

2020ರ ಮಾರ್ಚಿನಲ್ಲಿ ಗೃಹ ಸಚಿವರು ದೆಹಲಿಯ ಗಲಭೆಯ ಬಗ್ಗೆ ಲೋಕಸಭೆಯಲ್ಲಿ ಮಾತನಾಡುತ್ತ, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿಗಳ ಫೋಟೋಗಳನ್ನು ಇಂಥ ಯಂತ್ರಕ್ಕೆ ಕೊಟ್ಟು 1,100ಕ್ಕೂ ಹೆಚ್ಚು ಮಂದಿಯನ್ನು ಗುರುತಿಸಲಾಗಿದೆ ಎಂದರು. ಗಲಭೆ ಮಾಡಿದವರು ಸಿಕ್ಕಿಬೀಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮತದಾರರ ಚೀಟಿಗೆಂದು ಮನೆಮನೆ ಅಲೆದು ಅರ್ಜಿ, ಫೋಟೋ ಸಂಗ್ರಹಿಸುವ ಕೆಲಸ ನಮ್ಮಂಥ ಶಾಲೆಯವರ ಪಾಲಿಗೂ ಬರುತ್ತದೆ. “ಓಟು ಹಾಕಲಿಕ್ಕೆ ಅಮ್ಮ” ಎಂದು ಹೇಳಿ ಈಸಿಕೊಂಡದ್ದು ಅದು. ಇನ್ನೊಂದು ಕೆಲಸಕ್ಕೆ ಬಳಸಬಹುದು ಎಂದು ಯಾವ ಸದನವೂ ಕಾಯಿದೆ ಮಾಡಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ 2022ರಲ್ಲಿ ದೆಹಲಿ ಪೊಲೀಸರು ಕೊಟ್ಟ ಉತ್ತರದಂತೆ, ಶೇಕಡಾ 80ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಗುರುತು ಸಿಕ್ಕಿತೆಂದೇ ಲೆಕ್ಕ. ನೂರಕ್ಕೆ ಎಂಬತ್ತು ತೆಗೆದ ಮಗುವಿನ ಬೆನ್ನು ತಟ್ಟುವವಳು ನಾನು. ಆದರೆ ಒಬ್ಬ ಮನುಷ್ಯನನ್ನು ಠಾಣೆಗೆ ಕರೆಸುವುದಕ್ಕೆ ಎಂಬತ್ತು ಸಾಕೆ? ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟಕ್ಕೆ ಪಾಸು ಎಂಬುದು ಬದಲಾದರೆ ಊರೆಲ್ಲ ಚರ್ಚೆಯಾಗುತ್ತದೆ. ಈ ಎಂಬತ್ತು ಯಾವ ಸದನದಲ್ಲಿ ಚರ್ಚೆಯಾಯಿತು?

ಕದ್ದು ಕೇಳುವ ವಿಷಯವಾದರೋ ನಮ್ಮ ರಾಜ್ಯಕ್ಕೆ ಹೊಸದಲ್ಲ. 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪ ಬಂದು ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ನಮ್ಮ ಮನೆಯಲ್ಲಿ ಆಗ ಫೋನೇ ಇರಲಿಲ್ಲ. ಆದರೂ ಅಪ್ಪ ವಾರಗಟ್ಟಲೆ ಜಗಲಿಯಲ್ಲಿ ಕೂತು ಅದನ್ನೇ ಮಾತನಾಡಿದರು. ಮುಂದೆ 1996ರಲ್ಲಿ ಸುಪ್ರೀಂ ಕೋರ್ಟು, ಫೋನು ಕೇಳಬೇಕಾದರೆ ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ ಬೇಕು, ಎರಡು ತಿಂಗಳಾದ ಮೇಲೆ ಅದನ್ನು ನವೀಕರಿಸಬೇಕು, ಸಮಿತಿಯೊಂದು ಪರಿಶೀಲಿಸಬೇಕು ಎಂದು ಕಟ್ಟುಪಾಡು ಹಾಕಿತು. ಆ ಸಮಿತಿಯಲ್ಲಿ ಇರುವವರೂ ಅಧಿಕಾರಿಗಳೇ, ಜನ ಆರಿಸಿ ಕಳಿಸಿದವರು ಒಬ್ಬರೂ ಇಲ್ಲ. ಇಷ್ಟಾದರೂ ಫೋನಿಗೆ ಒಂದು ಆದೇಶ, ಒಂದು ಅವಧಿ ಎಂಬುದಿದೆ. ಕ್ಯಾಮೆರಾದ ಮುಂದೆ ಹಾದುಹೋಗುವವರಿಗೆ ಅದೂ ಇಲ್ಲ. ಕಳ್ಳನ ಮುಖವನ್ನು ಹುಡುಕಲು ಅದು ಎಲ್ಲರ ಮುಖವನ್ನೂ ಓದಬೇಕು.

ನನ್ನ ತಂಗಿ ಅಂಗನವಾಡಿ ಕಾರ್ಯಕರ್ತೆ. ಗೌರವಧನ ಹೆಚ್ಚಿಸಿ ಎಂದು ಕೇಳಲು ಬೆಂಗಳೂರಿಗೆ ಹೊರಟಾಗ, “ಅಕ್ಕಾ, ಈ ಸಲ ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂರಬೇಕು. ಯಾರು ಬಂದಿದ್ದರು ಎಂದು ತೆಗೆದು ನೋಡುತ್ತಾರಂತೆ” ಎಂದಳು. ನಿಜವೋ ಗಾಳಿಮಾತೋ, ಅವಳ ಅಳುಕಂತೂ ನಿಜ. ನೋಡುವುದಿಲ್ಲ ಎಂದು ಅವಳಿಗೆ ಧೈರ್ಯ ಹೇಳಲು ನನ್ನ ಕೈಯಲ್ಲಿ ಒಂದು ಕಾನೂನು ಬೇಕಿತ್ತು.

ಆ ಕಾನೂನಿನ ದಾರಿ ತೋರಿಸಿದವರೂ ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತೈದು ದಾಟಿದ ಮೇಲೆ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, 2023ರಲ್ಲಿ, ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಮಾಡಿತ್ತು. ಅದರ 17ನೆಯ ಸೆಕ್ಷನ್ನಿನಲ್ಲಿ, ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಕೇಂದ್ರ ಸರ್ಕಾರ ಸೂಚಿಸುವ ಸರ್ಕಾರಿ ಸಂಸ್ಥೆಗಳಿಗೆ ಈ ಕಾಯಿದೆಯೇ ಅನ್ವಯಿಸದು ಎಂದಿದೆ. ಬೇಲಿ ಹಾಕಿ ಗೇಟನ್ನು ತೆರೆದಿಟ್ಟ ಹಾಗಾಯಿತು.

ಬೇರೆಡೆ ಸದನಗಳು ಸುಮ್ಮನೆ ಕೂತಿಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದ ಕಾಯಿದೆಯ ಪ್ರಕಾರ ಪೊಲೀಸರು ಬೀದಿಯಲ್ಲಿ ಹೋಗುವವರ ಮುಖವನ್ನು ಆಗಿಂದಾಗಲೇ ಯಂತ್ರದಿಂದ ಗುರುತಿಸುವಂತಿಲ್ಲ. ಕಾಣೆಯಾದವರನ್ನು ಹುಡುಕುವುದು, ಭಯೋತ್ಪಾದನೆಯ ಅಪಾಯ ತಪ್ಪಿಸುವುದು, ಘೋರ ಅಪರಾಧದ ಆರೋಪಿಯನ್ನು ಹಿಡಿಯುವುದು, ಇಂಥವಕ್ಕೆ ಮಾತ್ರ ವಿನಾಯಿತಿ. ಅದಕ್ಕೂ ನ್ಯಾಯಾಧೀಶರ ಅಥವಾ ಸ್ವತಂತ್ರ ಪ್ರಾಧಿಕಾರದ ಅಪ್ಪಣೆ ಬೇಕು, ವರ್ಷಕ್ಕೊಮ್ಮೆ ವರದಿ ಬರಬೇಕು.

ನಮ್ಮ ಶಾಲೆಯ ಬಿಸಿಯೂಟದ ಅಕ್ಕಿಗೆ ದಿನವಹಿ ಪುಸ್ತಕವಿದೆ. ಎಷ್ಟು ಮಕ್ಕಳು ಉಂಡರು, ಎಷ್ಟು ಕಿಲೋ ಉಳಿಯಿತು ಎಂದು ಬರೆದು ಮುಖ್ಯೋಪಾಧ್ಯಾಯರು ರುಜು ಹಾಕಬೇಕು. ತಪಾಸಣೆಗೆ ಬಂದವರು ಮೊದಲು ಕೇಳುವುದು ಅದನ್ನೇ. ಇದರಿಂದ ಅಡುಗೆಯವರಿಗೆ ಅವಮಾನವಾಗಿಲ್ಲ. ಪೊಲೀಸರ ಕ್ಯಾಮೆರಾಕ್ಕೂ ಅಂಥದೊಂದು ಪುಸ್ತಕವಿರಲಿ. ನಾವು ಆರಿಸಿ ಕಳಿಸಿದ ಶಾಸಕರು, ಸಂಸದರು ಎದ್ದು ನಿಂತು ಕೇಳಲಿ: ಈ ವರ್ಷ ಎಷ್ಟು ಜನರನ್ನು ಯಂತ್ರ ಗುರುತಿಸಿತು, ಎಷ್ಟು ಸಲ ತಪ್ಪಿತು, ತಪ್ಪಾಗಿ ಸಿಕ್ಕಿದವರಿಗೆ ಏನು ಪರಿಹಾರ, ನಿರಪರಾಧಿಗಳ ಫೋಟೋವನ್ನು ಎಷ್ಟು ದಿನಕ್ಕೆ ಅಳಿಸುತ್ತೀರಿ? ಗುಟ್ಟಿನ ತನಿಖೆಯ ವಿವರ ನಮಗೆ ಬೇಡ, ಈ ಲೆಕ್ಕ ಬೇಕು. ಮುಂದಿನ ಸಲ ಓಟು ಕೇಳಿಕೊಂಡು ನಮ್ಮ ಬೀದಿಗೆ ಬರುವವರಿಗೆ ನೀರು ಕೊಟ್ಟು ಕೂರಿಸಿ, ಚರಂಡಿಯ ಮಾತಿನ ಜೊತೆಗೆ ಇದನ್ನೂ ಕೇಳಬೇಕೆಂದಿದ್ದೇನೆ.