ಹನ್ನೊಂದನೇ ಪ್ರಶ್ನೆ

ಮಾರ್ಚ್ ಕೊನೆಯ ಲೆಕ್ಕಪತ್ರದ ಗಡಿಬಿಡಿ ನಡೆದಿತ್ತು. ಅದರ ನಡುವೆ ನಮ್ಮ ದೊಡ್ಡ ಗಿರಾಕಿಯೊಬ್ಬರಿಂದ ಒಂದು ಎಕ್ಸೆಲ್ ಶೀಟ್ ಬಂತು. ಅರವತ್ತನಾಲ್ಕು ಪ್ರಶ್ನೆ! ನಿಮ್ಮ ಆಫೀಸಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಖರ್ಚಾಗುತ್ತದೆ, ನೀರು ಎಲ್ಲಿಂದ ಬರುತ್ತದೆ, ಹಳೇ ಕಂಪ್ಯೂಟರುಗಳನ್ನು ಏನು ಮಾಡುತ್ತೀರಿ... ಹೀಗೇ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಇಂಥ ವಿವರಗಳನ್ನು ಸೆಬಿ ನಿಯಮದಂತೆ ಒಪ್ಪಿಸಲೇಬೇಕು. ದೊಡ್ಡವರ ಪರೀಕ್ಷೆಗೆ ನಮ್ಮಂಥ ಸಣ್ಣವರೂ ಕೂತು ಬರೆಯಬೇಕು, ಅಷ್ಟೇ.

ಹನ್ನೊಂದನೇ ಪ್ರಶ್ನೆ ಹೀಗಿತ್ತು: ನಿಮ್ಮ ಡೈರೆಕ್ಟರುಗಳಲ್ಲಿ ಮಹಿಳೆಯರು ಶೇಕಡಾ ಎಷ್ಟು? ನಾನು ಹೆಮ್ಮೆಯಿಂದ 50 ಎಂದು ಒತ್ತಿದೆ. ಪಕ್ಕದ ಮೇಜಿನಲ್ಲಿ ಬಿಲ್ಲು ಜೋಡಿಸುತ್ತಿದ್ದ ನನ್ನವಳು ಇಣುಕಿ ನೋಡಿದಳು.

"ಯಾರ್ರೀ ಅದು, ಆ ಅರ್ಧ?"

"ನೀನೇ ಮಾರಾಯ್ತಿ! ಕಂಪನಿ ಶುರುವಾದಾಗಿನಿಂದ ನೀನು ಡೈರೆಕ್ಟರ್ ಅಲ್ವಾ?"

"ಓಹೋ, ಸಹಿ ಹಾಕೋ ಡೈರೆಕ್ಟರಾ? ಇಷ್ಟು ವರ್ಷದಲ್ಲಿ ಒಂದು ಮೀಟಿಂಗಿಗಾದರೂ ಕರೆದಿದ್ದೀರಾ?"

ನಾನು ಸುಮ್ಮನಾದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರು ಬೇಕು ಅನ್ನುವುದು ಕಾನೂನು. ಎರಡನೆಯವಳಾಗಿ ಹೆಂಡತಿಯ ಹೆಸರು ಹಾಕುವುದು ನಮ್ಮಂಥವರ ಪದ್ಧತಿ. ಮೀಟಿಂಗುಗಳು ಆಡಿಟರ್ ತಂದ ಕಾಗದದ ಮೇಲೆ ನಡೆಯುತ್ತವೆ.

ಸ್ವಲ್ಪ ಹಿಂದೆ ಹೋಗುತ್ತೇನೆ. ನಾನು ಕುಂದಾಪುರದ ಕಡೆಯವನು. 1989ರಲ್ಲಿ ಮದ್ರಾಸಿಗೆ ಬಂದಾಗ ತಿರುವಲ್ಲಿಕೇಣಿಯ ಒಂದು ಹೋಟೆಲಿನಲ್ಲಿ ಗಲ್ಲದ ಮೇಲೆ ಕೂರುತ್ತಿದ್ದ ದೊಡ್ಡಪ್ಪನ ರೂಮಿನಲ್ಲಿ ಚಾಪೆ ಹಾಸಿದ್ದೆ. ಆಗ ಈ ಊರಲ್ಲಿ ಕನ್ನಡದವರ ವ್ಯಾಪಾರ ಎಂದರೆ ಹೋಟೆಲು. ಕಡಂದಲೆಯ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದ ಊರು ಇದು. ಹೋಟೆಲಿಗೆ ಆಳು ಬೇಕಾದರೆ ಊರಿಗೆ ಒಂದು ಕಾಗದ ಬರೆದರೆ ಸಾಕಿತ್ತು, ಮುಂದಿನ ಬಸ್ಸಿಗೆ ಅಳಿಯನೋ ತಮ್ಮನ ಮಗನೋ ಟ್ರಂಕು ಹಿಡಿದು ಇಳಿಯುತ್ತಿದ್ದ.

1998ರಲ್ಲಿ ವೇಳಚ್ಚೇರಿಯ ಒಂದು ಮನೆಯ ನೆಲಮಹಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟು ನಾನು ಸ್ವಂತ ಕನ್ಸಲ್ಟಿಂಗ್ ಶುರುಮಾಡಿದೆ. ಮೊದಲು ವೈಟೂಕೆ ಕೆಲಸ, ಆಮೇಲೆ ಅಂಬತ್ತೂರು, ಶ್ರೀಪೆರುಂಬುದೂರಿನ ಕಾರ್ಖಾನೆಗಳಿಗೆ ಇಆರ್‌ಪಿ. ವ್ಯಾಪಾರ ಹೊಸದು, ಆಳು ಹುಡುಕುವ ರೀತಿ ಮಾತ್ರ ದೊಡ್ಡಪ್ಪನದೇ. ಮೊದಲ ಹತ್ತು ಜನರಲ್ಲಿ ಏಳು ಜನ ನಮ್ಮ ಸಂಬಂಧಿಕರು. 2003ರಲ್ಲಿ ಅಕ್ಕನ ಮಗ ಬಂದ. ಹುಡುಗ ಬಂಗಾರ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತುವವನು ಇವತ್ತಿಗೂ ಅವನೇ.

ನಾವು ಪರವೂರಿನವರು, ಕಾವೇರಿ ಗಲಾಟೆ ಬಂದಾಗಲೆಲ್ಲ ಬೋರ್ಡು ನೋಡಿ ಹೆದರುವವರು. 2016ರ ಸೆಪ್ಟೆಂಬರಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಮೇಲೆ ಪೆಟ್ರೋಲ್ ಬಾಂಬ್ ಎಸೆದಾಗ ನಮ್ಮ ಮನೆಯಲ್ಲೂ ಯಾರಿಗೂ ನಿದ್ದೆ ಇರಲಿಲ್ಲ. ಹಾಗಾಗಿ 'ನಮ್ಮವರನ್ನು' ಸೇರಿಸಿಕೊಳ್ಳುವುದು ತಪ್ಪೆಂದು ನನಗೆ ಅನ್ನಿಸಿರಲೇ ಇಲ್ಲ. ಅಲ್ಪಸಂಖ್ಯಾತರು ನಾವೇ ಆಗಿರುವಾಗ ವೈವಿಧ್ಯದ ಪಾಠ ನಮಗ್ಯಾಕೆ ಅನ್ನುವ ಭಾವ.

ಆ ಪಾಠ ಕಲಿಸಿದವಳು ತಿರುನೆಲ್ವೇಲಿ ಕಡೆಯ ಒಬ್ಬ ಹುಡುಗಿ. ನಮ್ಮಲ್ಲಿ ಆರು ವರ್ಷ ಇದ್ದಳು. 2012ರಲ್ಲಿ ಹೆರಿಗೆಯಾಯಿತು. ಆಗಿನ ಕಾನೂನಿನಂತೆ ಹನ್ನೆರಡು ವಾರ ರಜೆ ಕೊಟ್ಟು ದಾನಶೂರ ಕರ್ಣನಂತೆ ಬೀಗಿದೆ. (ಇಪ್ಪತ್ತಾರು ವಾರ ಆದದ್ದು 2017ರಲ್ಲಿ.) ಅವಳು ಇನ್ನಾರು ತಿಂಗಳು ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂದಳು. "ಆಗೋದಿಲ್ಲಮ್ಮ, ಸರ್ವರ್ ಎಲ್ಲಾ ಇಲ್ಲೇ ಇದೆ" ಎಂದೆ. ಮಾರನೇ ತಿಂಗಳು ರಾಜೀನಾಮೆ.

ಮೂರು ವರ್ಷ ಕಳೆಯಿತು. 2015ರ ಡಿಸೆಂಬರ್ 1. ಆ ಮಳೆಯನ್ನು ಈ ಊರಿನವರು ಯಾರೂ ಮರೆಯುವುದಿಲ್ಲ. ನಮ್ಮ ನೆಲಮಹಡಿಯಲ್ಲಿ ಎದೆಮಟ್ಟ ನೀರು. ಅಕ್ಕನ ಮಗ ಬ್ಯಾಕಪ್ ಡಿಸ್ಕುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಹೊರಗೆ ತಂದ. ಸರ್ವರ್ ಹೋಯಿತು, ಕಂಪನಿ ಉಳಿಯಿತು. ಹನ್ನೊಂದು ದಿನ ಎಲ್ಲರೂ ಅವರವರ ಮನೆಯಿಂದ, ನೆಂಟರ ಮನೆಯಿಂದ ಕೆಲಸ ಮಾಡಿದರು. ನಾನು 'ಆಗೋದಿಲ್ಲ' ಅಂದಿದ್ದು ಹನ್ನೊಂದು ದಿನ ಆಗಿಯೇ ಹೋಯಿತು! ನಾಚಿಕೆ ಬಿಟ್ಟು ಆ ಹುಡುಗಿಗೆ ಫೋನ್ ಮಾಡಿದೆ. 2016ರಲ್ಲಿ ವಾಪಸ್ ಬಂದಳು, ಮನೆಯಿಂದಲೇ. ಇವತ್ತು ನಮ್ಮ ಅರ್ಧ ಪ್ರಾಜೆಕ್ಟುಗಳು ಅವಳ ಕೈಯಲ್ಲಿವೆ.

ನೀರು ಯಾಕೆ ಬಂತು ಎಂದು ಆಮೇಲೆ ತಿಳಿಯಿತು. ದಕ್ಷಿಣ ಚೆನ್ನೈನ ಮಳೆನೀರು ಇಳಿದು ನಿಲ್ಲುವ ಜಾಗ ಪಳ್ಳಿಕರಣೈ ಜೌಗು. ಅದರ ಅಂಚನ್ನು ತುಂಬಿಸಿ, ತುಂಬಿಸಿ ನಾವೆಲ್ಲ ಆಫೀಸು ಕಟ್ಟಿದ್ದೇವೆ. ತರಮಣಿಯಲ್ಲಿ 2000ರಲ್ಲಿ ಟೈಡೆಲ್ ಪಾರ್ಕ್ ತೆರೆದ ಮೇಲೆ ಹಳೇ ಮಹಾಬಲಿಪುರಂ ರಸ್ತೆ ಉದ್ದಕ್ಕೂ ಗಾಜಿನ ಕಟ್ಟಡಗಳೆದ್ದವು. ಉಳಿದ 1,247 ಹೆಕ್ಟೇರಿಗೆ 2022ರಲ್ಲಿ ರಾಮ್ಸರ್ ಮಾನ್ಯತೆ ಸಿಕ್ಕಿತು. ಇನ್ನು 2019ರ ಬೇಸಿಗೆಯಲ್ಲಿ ಉಲ್ಟಾ ಕಥೆ. ಏರಿಗಳು ಬತ್ತಿ, ಅದೇ ರಸ್ತೆಯ ಕಂಪನಿಗಳು ನೀರಿಲ್ಲದೆ ಜನರನ್ನು ಮನೆಗೆ ಕಳಿಸಿದವು. ಜುಲೈನಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂತು, ಒಂದು ಸಲಕ್ಕೆ 25 ಲಕ್ಷ ಲೀಟರ್. ಅದು ಮೆಟ್ಟೂರಿನ ಕಾವೇರಿ ನೀರು! ಜಗಳವಾಡಿದ ನೀರನ್ನೇ ಕ್ಯೂ ನಿಂತು ಕುಡಿದವರು ನಾವು.

ಹಾಗಾಗಿ ನಮ್ಮ ಪರಿಸರ ಕಾಳಜಿ ಹುಟ್ಟಿದ್ದು ಪುಸ್ತಕದಿಂದಲ್ಲ, ಒದ್ದೆ ಪ್ಯಾಂಟಿನಿಂದ. ಮೊದಲ ಮಹಡಿಗೆ ಹೋದೆವು. ಓನರ್ ಜೊತೆ ಅರ್ಧರ್ಧ ಹಾಕಿ ಮಳೆನೀರು ಇಂಗುಗುಂಡಿ ಸರಿಪಡಿಸಿದೆವು. ಲ್ಯಾಪ್‌ಟಾಪ್ ಐದಾರು ವರ್ಷ ರಿಪೇರಿ ಮಾಡಿ ಬಳಸುತ್ತೇವೆ, ಸತ್ತವನ್ನು ಗುಜರಿಗೆ ಹಾಕದೆ ನೋಂದಾಯಿತ ರೀಸೈಕ್ಲರಿಗೆ ಕೊಡುತ್ತೇವೆ. ವಾರಕ್ಕೆ ಎರಡೇ ದಿನ ಆಫೀಸು. ಅಷ್ಟೇ ನಮ್ಮ ಸಾಧನೆ.

ಕಷ್ಟದ ಪ್ರಶ್ನೆ ಬಂದದ್ದು ಈ ವರ್ಷ. ನನಗೆ ಅರವತ್ತು ಹತ್ತಿರವಾಯಿತು. ಮುಂದೆ ಯಾರು?

ನನ್ನ ಮನಸ್ಸಿನಲ್ಲಿದ್ದವನು ಅಕ್ಕನ ಮಗ. ಮಗಳೂ ಇದ್ದಾಳೆ. ಎಂಜಿನಿಯರ್, ಬೇರೆಡೆ ಏಳು ವರ್ಷ ದುಡಿದು ನಮ್ಮಲ್ಲಿ ಮೂರು ವರ್ಷವಾಯಿತು. "ಮದುವೆಯಾಗಿ ಹೋಗುವವಳಿಗೆ ಕಂಪನಿ ಯಾಕೋ?" ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ ನಾನು ಎದುರಾಡಲಿಲ್ಲ. ಇದೇ ಊರಿನ ಮುರುಗಪ್ಪ ಮನೆತನದ ಸುದ್ದಿ ನೆನಪಿರಬಹುದು. ತಂದೆ ತೀರಿಕೊಂಡ ಮೇಲೆ ವಳ್ಳಿ ಅರುಣಾಚಲಂ ಹೋಲ್ಡಿಂಗ್ ಕಂಪನಿಯ ಬೋರ್ಡಿನಲ್ಲಿ ಜಾಗ ಕೇಳಿದರು, 2020ರ ಸೆಪ್ಟೆಂಬರಿನಲ್ಲಿ ಶೇ.91ಕ್ಕೂ ಹೆಚ್ಚು ಮತ ಅವರ ವಿರುದ್ಧ ಬಿತ್ತು. 2023ರಲ್ಲಿ ಮನೆಯವರೊಳಗೆ ರಾಜಿಯಾಯಿತು. ಅದೇ 2020ರ ಜುಲೈನಲ್ಲಿ ತಮಿಳುನಾಡಿನವರೇ ಆದ ಶಿವ್ ನಾಡಾರ್ ಎಚ್‌ಸಿಎಲ್ ಟೆಕ್ನಾಲಜೀಸಿನ ಅಧ್ಯಕ್ಷ ಸ್ಥಾನವನ್ನು ಮಗಳು ರೋಶನಿಗೆ ಬಿಟ್ಟುಕೊಟ್ಟರು. ಇನ್ನು ನಮ್ಮ ನಾರಾಯಣಮೂರ್ತಿಯವರು ಮಕ್ಕಳೇ ಬೇಡ ಎಂಬ ನಿಯಮ ಹಾಕಿಕೊಂಡಿದ್ದರು, 2013ರಲ್ಲಿ ಮರಳಿ ಬಂದಾಗ ಮಗನನ್ನು ಸಹಾಯಕನಾಗಿ ಕರೆತಂದು ಮಾತು ಕೇಳಬೇಕಾಯಿತು. ಅಷ್ಟು ದೊಡ್ಡವರಿಗೇ ಸುಲಭವಾಗದ್ದು ನಮಗೆ ಆದೀತೇ?

ಜೂನ್‌ನಲ್ಲಿ ಮೀಟಿಂಗ್ ಕರೆದೆ. ನಿಜವಾದ ಮೀಟಿಂಗ್. ಡೈನಿಂಗ್ ಟೇಬಲ್, ಎರಡು ಲೋಟ ಕಾಫಿ, ಇಬ್ಬರು ಡೈರೆಕ್ಟರುಗಳು. ಅಕ್ಕನ ಮಗನನ್ನು ಎಂಡಿ ಮಾಡುವ ನಿರ್ಣಯ ಓದಿದೆ. ನನ್ನವಳು ಕಾಫಿ ಮುಗಿಸಿ, "ನನ್ನ ಒಪ್ಪಿಗೆ ಇಲ್ಲ" ಅಂದಳು. ಒಂದಕ್ಕೊಂದು. ನಿರ್ಣಯ ಬಿದ್ದುಹೋಯಿತು.

"ಅವನು ಕಂಪನಿ ಉಳಿಸಿದ್ದಾನೆ, ಅವನಿಗೆ ಪಾಲು ಕೊಡಿ. ಆದರೆ ನಡೆಸೋದಕ್ಕೆ ಯಾರು ಸರಿ ಅಂತ ನೀವು ಅವಳನ್ನ ಒಂದು ದಿನವಾದರೂ ಯೋಚಿಸಿದ್ದೀರಾ? ಯೋಚಿಸಿ ಬೇಡ ಅಂದಿದ್ದರೆ ನಾನು ಸಹಿ ಹಾಕ್ತಿದ್ದೆ."

ಯೋಚಿಸಿರಲಿಲ್ಲ. ಮೂರು ವರ್ಷದಲ್ಲಿ ಹೊಸ ಗಿರಾಕಿಗಳನ್ನು ತಂದವಳು ಮಗಳು ಎಂಬುದು ನನ್ನದೇ ಬಿಲ್ಲುಗಳಲ್ಲಿ ಇತ್ತು.

ಮಗಳನ್ನು ಕೇಳಿದರೆ ಅವಳದು ಬೇರೆಯೇ ಷರತ್ತು. "ಅಪ್ಪಾ, ನಾನು ಬರ್ತೀನಿ. ಆದರೆ ಬಾವನೂ ಡೈರೆಕ್ಟರ್ ಆಗಬೇಕು, ಆ ಅಕ್ಕನೂ ಆಗಬೇಕು. ನಾವು ಮೂರೇ ಜನ ಕೂತರೆ ಅದು ಮನೆ, ಕಂಪನಿಯಲ್ಲ." ತಿರುನೆಲ್ವೇಲಿಯವಳು ಬೋರ್ಡಿಗೆ! ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಸಹಿ ಹಾಕಿದೆ.

ಎಲ್ಲ ಸುಖಾಂತ್ಯ ಅಂದುಕೊಳ್ಳಬೇಡಿ. ಅಕ್ಕ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ. ಅವನಿಗೆ ನಾನೇ ವಿಷಯ ಹೇಳಿದ ದಿನ, "ಆಯ್ತು ಮಾವ" ಅಂದ, ಅಷ್ಟೇ. ಭಾನುವಾರ ಊಟಕ್ಕೆ ಬರುತ್ತಿದ್ದವನು ಈಗ ಏನಾದರೊಂದು ನೆಪ ಹೇಳುತ್ತಾನೆ. ಎಂಟಕ್ಕೆ ಶಟರ್ ಏಳುವುದು ಮಾತ್ರ ತಪ್ಪಿಲ್ಲ. ಆ ಸದ್ದು ಕೇಳಿದಾಗಲೆಲ್ಲ ನನಗೆ ಸಮಾಧಾನವೂ ಆಗುತ್ತದೆ, ಹೊಟ್ಟೆಯೊಳಗೆ ಏನೋ ಹಿಂಡಿದಂತೆಯೂ ಆಗುತ್ತದೆ.

ಮುಂದಿನ ಮಾರ್ಚಿಗೆ ಆ ಶೀಟು ಮತ್ತೆ ಬರುತ್ತದೆ. ಹನ್ನೊಂದನೇ ಪ್ರಶ್ನೆಗೆ ಈ ಸಲ 60 ಎಂದು ಬರೆಯಬೇಕು. ಹೆಚ್ಚಾದದ್ದು ಹತ್ತೇ. ಆದರೆ ಹೋದ ಸಲ ನಾನು ಬರೆದದ್ದು ಬರೀ ಸಹಿಯ ಲೆಕ್ಕವಾಗಿತ್ತು.