ಮೊಗದೊಳಗಿನ ನೂಲು

ಅಂದಕ್ಕಾಗಿ ಸೂಜಿಯ ನೋವನ್ನು ಸಹಿಸುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಕಿವಿ ಮೂಗುಗಳನ್ನು ಚುಚ್ಚಿಸಿಕೊಂಡವರು, ಹಚ್ಚೆ ಹೊಯ್ಯಿಸಿಕೊಂಡವರು ಎಲ್ಲರ ಮನೆಗಳಲ್ಲಿಯೂ ಇದ್ದಾರೆ. ಆದರೆ ಸೂಜಿಯು ಹೊರಗೆ ಬಂದು ನೂಲು ಒಳಗೇ ಉಳಿಯುವ ಪದ್ಧತಿಯೊಂದು ಈಚೆಗೆ ನಮ್ಮ ಪಟ್ಟಣಗಳಲ್ಲಿ ಬಳಕೆಗೆ ಬಂದಿದೆ. ಅದಕ್ಕೆ ಥ್ರೆಡ್ ಲಿಫ್ಟ್ ಎಂದು ಹೆಸರು. ಜೋತ ಕೆನ್ನೆಯ ಚರ್ಮದಡಿಯಲ್ಲಿ ಸಣ್ಣ ಮುಳ್ಳುಗಳುಳ್ಳ ನೂಲನ್ನು ಹಾಯಿಸಿ, ಮೇಲಕ್ಕೆಳೆದು ನಿಲ್ಲಿಸುವರು. ಮೊದಮೊದಲು ಕರಗದ ಪಾಲಿಪ್ರೊಪಿಲೀನ್ ನೂಲನ್ನು ಉಪಯೋಗಿಸುತ್ತಿದ್ದರು. ಈಗ ಹೆಚ್ಚಾಗಿ ಬಳಸುವುದು ಶಸ್ತ್ರವೈದ್ಯರು ಗಾಯ ಹೊಲಿಯುವ ಪಾಲಿಡಯಾಕ್ಸನೋನ್ ಎಂಬ ನೂಲನ್ನು. ಅದು ಸುಮಾರು 6ರಿಂದ 8 ತಿಂಗಳಲ್ಲಿ ಮೈಯೊಳಗೆ ಕರಗಿಹೋಗುತ್ತದೆ. ಎತ್ತಿದ ಕೆನ್ನೆಯೂ ಬಹುಕಾಲ ನಿಲ್ಲುವುದಿಲ್ಲವೆಂಬುದನ್ನು ಮಾತ್ರ ಜಾಹೀರಾತುಗಳು ಬಲು ಮೆಲ್ಲಗೆ ಹೇಳುತ್ತವೆ.

ನಮ್ಮ ದೊಡ್ಡಮ್ಮನ ಮಗಳು, ಮಗನ ಮದುವೆಗೆ ಎರಡು ತಿಂಗಳಿರುವಾಗ, ಮನೆಯಲ್ಲಿ ಯಾರಿಗೂ ತಿಳಿಸದೆ ಇದನ್ನು ಮಾಡಿಸಿಕೊಂಡರು. ಮುಖ ಊದಿದಾಗ ಹಲ್ಲುನೋವೆಂದರು. ಊತವೇನೋ ಇಳಿಯಿತು, ಬಲಗೆನ್ನೆಯಲ್ಲಿ ಗುಳಿಯೊಂದು ಉಳಿಯಿತು. ನಕ್ಕರೆ ಚರ್ಮವನ್ನು ಯಾರೋ ಒಳಗಿನಿಂದ ಚಿವುಟಿ ಹಿಡಿದಂತೆ ತೋರುತ್ತಿದ್ದಿತು. ಮೂರನೆಯ ವಾರದಲ್ಲಿ ಕಣತಲೆಯ ಬಳಿ ಬೊಕ್ಕೆಯೆದ್ದು ಕೀವು ಜಿನುಗಿತು. ಅಕ್ಕನವರು ಅದಕ್ಕೆ ಅರಿಸಿನ ಮೆತ್ತಿ, ಸೆರಗು ಮುಚ್ಚಿಕೊಂಡು ಹತ್ತು ದಿನ ಕಳೆದರು. ಲಗ್ನಪತ್ರಿಕೆ ಕೊಡಲು ಬಂದಾಗ ಸೆರಗು ಜಾರಿ ಅದು ನಮ್ಮ ಕಣ್ಣಿಗೆ ಬಿದ್ದಿತು. ಕೇಳಿದುದೇ ತಡ, ಅತ್ತುಬಿಟ್ಟರು. “ಇವರಿಗೆ ಮಾತ್ರ ಹೇಳಬೇಡ, ನಗುತ್ತಾರೆ” ಎಂದರು. ಆ ಭಾವನವರಾದರೋ ವಾರಕ್ಕೊಮ್ಮೆ ಮೀಸೆಗೆ ಕರಿಬಣ್ಣ ಹಚ್ಚಿಕೊಳ್ಳುವವರು!

ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ನಗಲಿಲ್ಲ, ಗದರಲೂ ಇಲ್ಲ. ಗುಳಿಯು ಅನೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ, ಇಲ್ಲವೆ ಬಲ್ಲವರು ಮೆಲ್ಲನೆ ನೀವುವುದರಿಂದ ಹೋಗುವುದಂತೆ. ಹೋಗದಿದ್ದರೆ ನೂಲನ್ನು ತೆಗೆಯಬೇಕು. ಕೀವಿನ ಮಾತು ಬೇರೆ. ನೂಲು ಒಳಗಿರುವವರೆಗೆ ಬರಿಯ ಮಾತ್ರೆಗೆ ಅದು ಅನೇಕ ವೇಳೆ ಬಗ್ಗುವುದಿಲ್ಲ. ಆ ಭಾಗವನ್ನು ಮರಗಟ್ಟಿಸಿ, ಸಣ್ಣದಾಗಿ ಕೊಯ್ದು, ನೂಲನ್ನು ಹೊರಗೆಳೆದರು. ಕೀವನ್ನು ಪರೀಕ್ಷೆಗೂ ಕಳುಹಿಸಿದರು. ಕ್ಷಯದ ಕ್ರಿಮಿಗೆ ಜ್ಞಾತಿಯಾದ ಕೆಲವು ಕ್ರಿಮಿಗಳು ಇಂತಹ ಗಾಯಗಳಲ್ಲಿ ಸೇರಿಕೊಳ್ಳುವುದುಂಟು. ಅವಾದರೆ ತಿಂಗಳುಗಟ್ಟಲೆ ಔಷಧ ಬೇಕಾಗುವುದು. ಪುಣ್ಯಕ್ಕೆ ಅವು ಇರಲಿಲ್ಲ.

2021ರಲ್ಲಿ ಪ್ರಕಟವಾದ, 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆಯು ಊತವನ್ನು ನೂರಕ್ಕೆ 35 ಮಂದಿಯಲ್ಲಿ, ಗುಳಿಯನ್ನು 10 ಮಂದಿಯಲ್ಲಿ, ಸೋಂಕನ್ನು 2 ಮಂದಿಯಲ್ಲಿ ಲೆಕ್ಕಹಾಕಿದೆ. ಐವತ್ತು ದಾಟಿದವರಲ್ಲಿ ಗುಳಿಯೂ ಸೋಂಕೂ ಹೆಚ್ಚೆಂದು ಅದರಲ್ಲಿಯೇ ಇದೆ. ಅಪರೂಪಕ್ಕೆ ಮುಖದ ನರಕ್ಕೋ ಕಿವಿಯ ಮುಂದಿನ ಜೊಲ್ಲಿನ ಗ್ರಂಥಿಗೋ ಪೆಟ್ಟಾಗುವುದೂ ಉಂಟು. ಬಾಯಿ ಓರೆಯಾದರೆ, ಊಟದ ಹೊತ್ತಿಗೆ ಕೆನ್ನೆ ಊದಿದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಾಕಿದ ನೂಲು ಯಾವ ಜಾತಿಯದು, ಎಷ್ಟು ಎಳೆ ಎಂಬ ಚೀಟಿಯನ್ನು ವೈದ್ಯರು ಅಕ್ಕನವರಲ್ಲಿ ಕೇಳಿದರು. ಮಾಡಿದವರು ಕೊಟ್ಟಿದ್ದುದು ಹಣದ ರಸೀದಿಯೊಂದೇ.

ಭಾವನವರಿಗೆ ಸುದ್ದಿ ನಾವೇ ಮುಟ್ಟಿಸಿದೆವು. ಅವರು ನಗಲಿಲ್ಲ, ಬಹಳ ಹೊತ್ತು ಸುಮ್ಮನಿದ್ದು, “ನನ್ನನ್ನು ಒಂದು ಮಾತು ಕೇಳಬಾರದಿತ್ತೇ?” ಎಂದರು. ಮದುವೆಯ ಹೊತ್ತಿಗೆ ಗಾಯವು ಮಾಯ್ದು, ಅಕ್ಕಿಕಾಳಿನಷ್ಟು ಕಲೆ ಉಳಿದಿದ್ದಿತು. ಬೀಗಿತ್ತಿಯವರು ಅದೇನೆಂದು ಕೇಳಲು, ಅಕ್ಕನವರು ಇದ್ದುದನ್ನು ಇದ್ದಂತೆಯೇ ಹೇಳಿದರು.