ಒಲೆ ಎಲ್ಲಿತ್ತು?

ಕನ್ನಡ ಪಾಠ ಹೇಳುವವನ ಮನೆಯವರ ಪಾಡು ಯಾರಿಗೂ ಬೇಡ. ರಜೆಯ ದಿನ ಎಲ್ಲಿಗಾದರೂ ಹೋಗೋಣವೆಂದರೆ ಆತ ಹೊರಡಿಸುವುದು ಶಾಸನವಿರುವ ಊರಿಗೇ. ಹೋದ ತಿಂಗಳು ನಾವು ಇಳಕಲ್ಲಿನಿಂದ ಬುತ್ತಿ ಕಟ್ಟಿಕೊಂಡು ಹೊರಟದ್ದೂ ಹಾಗೆಯೇ. ಮುಂಜಾನೆ ಐಹೊಳೆ, ಸಂಜೆಗೆ ಕೂಡಲಸಂಗಮ. ಐಹೊಳೆ ನನ್ನ ಹಟ. ಸಂಗಮ ನಮ್ಮ ಅವ್ವನದು.

ಎಂಟನೆಯ ಇಯತ್ತೆಯ ಮಗಳಿಗೆ "ಚಾಲುಕ್ಯರ ಕಾಲದ ಊರು ತೋರಸ್ತೀನಿ" ಎಂದು ಆಸೆ ಹಚ್ಚಿದ್ದೆ. ಆಕೆ ಶಾಲೆಯ ಪ್ರವಾಸದಲ್ಲಿ ಶಿಗ್ಗಾವಿ ಹತ್ತಿರದ ಗೊಟಗೋಡಿಗೆ ಹೋಗಿ, ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಸಿಮೆಂಟಿನಲ್ಲಿ ಎಬ್ಬಿಸಿ ನಿಲ್ಲಿಸಿದ ಹಳ್ಳಿಯನ್ನು ನೋಡಿ ಬಂದಿದ್ದಳು. ಐಹೊಳೆಯೂ ಅಂಥದೇ ಇರಬೇಕೆಂದು ಆಕೆಯ ಎಣಿಕೆ.

ಮೇಗುತಿಯ ಗುಡ್ಡ ಹತ್ತಿ, 634ರ ಶಾಸನದ ಮುಂದೆ ನಿಂತು, ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಸಾಲಿನಲ್ಲಿ ಕೂಡಿಸಿಕೊಂಡ ಎದೆಗಾರಿಕೆಯನ್ನು ನಾನು ಬಣ್ಣಿಸುತ್ತಿದ್ದೆ. ತಿರುಗಿ ನೋಡಿದರೆ ಕೇಳುವವರು ಯಾರೂ ಇರಲಿಲ್ಲ. ಮಗಳು ಬಂಡೆಯ ತುದಿಗೆ ನಿಂತು ಕೆಳಗಿನ ಊರನ್ನು ನೋಡುತ್ತಿದ್ದಳು.

"ಅಪ್ಪಾ, ಗುಡಿ ಇಷ್ಟೊಂದು ಅದಾವು. ಮಂದಿ ಎಲ್ಲಿ ಇದ್ರು?"

ನೂರಕ್ಕೂ ಮಿಕ್ಕಿ ಗುಡಿಗಳು. ದೇವರಿಗೆ ಕಲ್ಲು, ಮನುಷ್ಯರಿಗೆ ಮಣ್ಣು ಕಟ್ಟಿಗೆ. ಮಣ್ಣು ಮಣ್ಣಾಯಿತು ಎಂದು ಏನೋ ಹೇಳಿ ಕೆಳಗಿಳಿಸಿದೆ.

ಅವ್ವ ಗುಡ್ಡ ಹತ್ತಲಾರದೆ ಲಾಡಖಾನ ಗುಡಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಈ ಗುಡಿಯನ್ನು ಹಿಂದೆ ಐದನೆಯ ಶತಮಾನದ್ದೆನ್ನುತ್ತಿದ್ದರು. ಈಚಿನ ವಿದ್ವಾಂಸರು ಏಳು ಎಂಟನೆಯ ಶತಮಾನಕ್ಕೆ ತಂದಿದ್ದಾರೆ. ಅದರ ಮಾಳಿಗೆಯ ಇಳಿಜಾರು ಚಪ್ಪಡಿಗಳ ಸಂದುಗಳನ್ನು ಉದ್ದನೆಯ ಕಲ್ಲುಪಟ್ಟಿಗಳಿಂದ ಮುಚ್ಚಿದ್ದಾರೆ. ನೋಡಿದರೆ ಥೇಟು ಮರದ ತೊಲೆಗಳೇ. ಕಟ್ಟಿಗೆಯ ಮನೆಯನ್ನು ಕಣ್ಣಲ್ಲಿಟ್ಟುಕೊಂಡು ಕಲ್ಲಿನಲ್ಲಿ ಕಟ್ಟಿದ್ದು ಇದು ಎನ್ನುತ್ತಾರೆ ಬಲ್ಲವರು. ಅವ್ವ ಪುಸ್ತಕ ಓದಿದವಳಲ್ಲ. "ಇದು ನಮ್ಮ ತವರಮನಿ ಪಡಸಾಲಿ ಇದ್ದಂಗ ಐತಿ ನೋಡು," ಎಂದಳು.

ಲಾಡಖಾನನೆಂಬಾತ ಇದರೊಳಗೆ ವಾಸವಾಗಿದ್ದ, ಅದಕ್ಕೇ ಆ ಹೆಸರು ಎಂದೆ. ಒಂದು ಕಾಲಕ್ಕೆ ಇಲ್ಲಿನ ಗುಡಿಗಳೊಳಗೇ ಮಂದಿ ಸಂಸಾರ ಹೂಡಿದ್ದರು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂದು ಹೆಸರುಗಳನ್ನು ಹೇಳಿದಾಗ ಅವ್ವ ಒಂದೊಂದಕ್ಕೂ ತಲೆಯಾಡಿಸಿದಳು. ಆಮೇಲೆ ಸುತ್ತಲೂ ನೋಡಿ ಕೇಳಿದಳು: "ಹಂಗಾದ್ರ ಒಲಿ ಎಲ್ಲಿ ಹೂಡಿದ್ರು?"

ಎಂ. ಎ. ಓದಿದ ನನಗೆ ಉತ್ತರ ಬರಲಿಲ್ಲ. ನಮ್ಮಾಕೆ ಮುಖ ಆಚೆ ತಿರುಗಿಸಿ ನಕ್ಕಳು.

ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮುಗಿಸಿ, ಅಮೀನಗಡದಲ್ಲಿ ಕರದಂಟು ಕೊಂಡು ಸಂಗಮ ಮುಟ್ಟಿದಾಗ ಬಿಸಿಲು ಇಳಿದಿತ್ತು. ಮಲಪ್ರಭೆ ಕೃಷ್ಣೆಗೆ ಸೇರುವ ಎಡೆ ಇದು. ಈಗ ಯಾವ ಹೊಳೆ ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ನಾರಾಯಣಪುರದ ಹಿನ್ನೀರು ನಿಂತಿದೆ. ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತಲೂ ಬಾವಿಯ ಹಾಗೆ ಗೋಡೆ ಎಬ್ಬಿಸಿದ್ದಾರೆ. ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಕೈಮುಗಿಯಬೇಕು. ಅವ್ವ ಕೈಮುಗಿದಳು. ಮೇಲೆ ಬಂದು, ಗೋಡೆಯನ್ನು ಅಂಗೈಯಿಂದ ತಟ್ಟಿ, "ಛಲೋ ಗಟ್ಟಿ ಕಟ್ಟ್ಯಾರ," ಎಂದಳು. ಅಷ್ಟೇ.

1982ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಆಕೆಯ ತವರೂರು ಒಳಗೆ ಹೋಯಿತು. ಆಗ ನಾನು ಅಂಗನವಾಡಿಗೂ ಹೋಗದ ಕೂಸು. ಮಾವಂದಿರು ಪರಿಹಾರದ ಹಣ ಹಿಡಿದು ಬೇರೆ ಬೇರೆ ಕಡೆ ಮನೆ ಮಾಡಿದರು. ಅವ್ವ ನಲವತ್ತು ವರ್ಷ ಆ ಊರಿನ ಹೆಸರೆತ್ತಿದವಳಲ್ಲ, ನಾನೂ ಕೇಳಿದವನಲ್ಲ.

ಕೇಳಿದವಳು ಮಗಳು. "ಅಜ್ಜಿ, ನಿನ್ನ ಊರು ಹೆಂಗಿತ್ತು?"

ಅವ್ವ ಮೆಟ್ಟಿಲ ಮೇಲೆ ಕುಳಿತು ಹರಳು ಆರಿಸತೊಡಗಿದಳು. "ಇದು ಅಗಸಿ. ಇದು ಹಣಮಪ್ಪನ ಗುಡಿ. ಇದು ಗೌಡ್ರ ಮನಿ. ಇದು ಬಡಿಗ್ಯಾರದು. ಹೊಳಿ ಕಡೆ ಅಂಬಿಗ್ಯಾರ ಓಣಿ." ಮುಂಜಾನೆ ನಾನು ಹೇಳಿದ ಗುಡಿಗಳ ಪಟ್ಟಿಯೇ. ಅಲ್ಲಿ ಗುಡಿ ಉಳಿದು ಮನೆ ಹೋಗಿದ್ದವು. ಇಲ್ಲಿ ಎರಡೂ ಹೋಗಿದ್ದವು. ನನ್ನ ಕಿಸೆಯಲ್ಲಿ ಪೆನ್ನಿತ್ತು, ಕಾಗದವಿರಲಿಲ್ಲ. ಕರದಂಟಿನ ಡಬ್ಬಿಯ ಮೇಲೆ ಬರೆದುಕೊಳ್ಳತೊಡಗಿದೆ. ಮೂವತ್ತೇಳು ಮನೆಗಳಾದವು.

ಕೊನೆಗೆ ತನ್ನ ಮನೆಯನ್ನಿಟ್ಟಳು. ಕಟ್ಟೆ, ತಲಬಾಗಿಲು, ದಂದಕ್ಕಿ, ಪಡಸಾಲೆ, ಅಡಿಗೆಮನೆ. ಅಲ್ಲಿ ಹರಳು ಹಿಡಿದ ಕೈ ನಿಂತಿತು. "ಒಲಿ… ಬಾಗಲಾ ಹಾದ ಕೂಡ್ಲೆ ಬಲಕ್ಕಿತ್ತೋ ಎಡಕ್ಕಿತ್ತೋ?" ರೊಟ್ಟಿ ಬಡಿಯುವವಳಂತೆ ಕೂತು ನೋಡಿದಳು. ಬೆಳಕಿಂಡಿಯ ಬಿಸಿಲು ಬೀಳುತ್ತಿದ್ದ ಗಲ್ಲ ಯಾವುದೆಂದು ಒಂದನ್ನು ಮುಟ್ಟಿಕೊಂಡಳು, ಮತ್ತೆ ಇನ್ನೊಂದನ್ನು. ಮಗಳು ಹರಳನ್ನು ಅತ್ತಿತ್ತ ಸರಿಸಿ ತೋರಿಸಿದಳು. ಕತ್ತಲಾಯಿತು. ಡ್ರೈವರು ಹಾರ್ನು ಹೊಡೆದ.

ಹುನಗುಂದ ದಾಟಿದ ಮೇಲೆ ಹಿಂದಿನ ಸೀಟಿನ ಕತ್ತಲಲ್ಲಿ ಅವ್ವ, "ಎಡಕ್ಕ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ. ಅದು ಕಾಕಾನ ಮನ್ಯಾಗ," ಎಂದಳು.